ಹೆಲ್ಮೆಟ್ ಹೇಳಿದ ರಕ್ತದ ಗುಂಪು

ಹೋದ ವರ್ಷ ಹೊಸಪೇಟೆಯ ಒಂದು ಪ್ಯಾರಾಮೆಡಿಕಲ್ ಕಾಲೇಜಿನವರು ನನ್ನನ್ನು ಮಾತಿಗೆ ಕರೆದಿದ್ದರು. ಲ್ಯಾಬ್ ಟೆಕ್ನಿಷಿಯನ್ನರ ಕೆಲಸ ಮತ್ತು ನೋಂದಣಿ ಎಂಬುದು ವಿಷಯ. ನಾನು ಮಾತು ಮುಗಿಸಿದ ಮೇಲೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು.

“ಮೇಡಂ, ಈಗ ಎಲ್ಲಾ ಮಷೀನ್ ಮಾಡ್ತೈತಿ. ನಾವು ಟ್ಯೂಬ್ ಇಟ್ಟು ಬಟನ್ ಒತ್ತೋದಷ್ಟ. ಅದಕ್ಕ ಡಿಪ್ಲೊಮಾ, ಅದಕ್ಕ ನೋಂದಣಿ, ಅದನ್ನ ಮತ್ತ ಮತ್ತ ರಿನ್ಯೂ ಬ್ಯಾರೆ ಮಾಡಿಸ್ಬೇಕು. ಇಷ್ಟೆಲ್ಲಾ ಯಾಕ್ರಿ?”

ನನ್ನ ಭಾಷಣಕ್ಕೆ ಬಿದ್ದದ್ದಕ್ಕಿಂತ ಜೋರು ಚಪ್ಪಾಳೆ ಅವಳ ಪ್ರಶ್ನೆಗೆ ಬಿತ್ತು. ಗುಣಮಟ್ಟ, ಜವಾಬ್ದಾರಿ ಎಂದು ನಾನೂ ಏನೋ ಹೇಳಿದೆ. ಮನೆಗೆ ಬರುವ ಆಟೋದಲ್ಲಿ ಕುಳಿತಾಗ ನನ್ನ ಉತ್ತರ ನನಗೇ ಸಪ್ಪೆ ಅನ್ನಿಸಿತು. ಆಗಲೇ ಎದೆ ಡವಡವ ಅನ್ನತೊಡಗಿದ್ದು. ಆ ಹುಡುಗಿಗೆ ಹೇಳಬೇಕಾಗಿದ್ದದ್ದು ಭಾಷಣದ ಮಾತಲ್ಲ, ಒಂದು ಮಧ್ಯಾಹ್ನ ನಡೆದ ಸಂಗತಿ. ಅದು ನೆನಪಾದಾಗಲೆಲ್ಲ ನನಗೆ ಹೀಗೆ ಆಗುತ್ತದೆ. ನಿವೃತ್ತಿಯಾದ ಮೇಲೂ ಕಡಿಮೆಯಾಗಿಲ್ಲ.

ಅದನ್ನು ಹೇಳುವ ಮೊದಲು, ನಾವು ಯಾವ ಕಾಲದಲ್ಲಿ ಹೇಗೆ ಕೆಲಸ ಮಾಡುತ್ತಿದ್ದೆವು ಎಂಬುದನ್ನು ಸ್ವಲ್ಪ ಹೇಳಬೇಕು.

ನಾನು ಬಿ.ಎಸ್ಸಿ. ಮುಗಿಸಿ, ಬಳ್ಳಾರಿಯಲ್ಲಿ ಲ್ಯಾಬ್ ಡಿಪ್ಲೊಮಾ ಮಾಡಿ, ಮೊದಲು ಕೆಲಸಕ್ಕೆ ಸೇರಿದ್ದು ಕಂಪ್ಲಿಯಲ್ಲಿ. ಆಮೇಲೆ ಹೊಸಪೇಟೆಯ ಒಂದು ಆಸ್ಪತ್ರೆಗೆ ಬಂದೆ. ಕೊನೆಯವರೆಗೂ ಅಲ್ಲೇ ಇದ್ದೆ. ನಡುವೆ ಹುದ್ದೆಯ ಹೆಸರು ಒಂದೆರಡು ಸಲ ಬದಲಾಯಿತು. ಕೂರುವ ಸ್ಟೂಲು ಮಾತ್ರ ಬದಲಾಗಲಿಲ್ಲ.

ಕಂಪ್ಲಿಯಲ್ಲಿ ಹಿಮೋಗ್ಲೋಬಿನ್ ನೋಡಬೇಕೆಂದರೆ ಗಾಜಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ಹೋಲಿಸಬೇಕಿತ್ತು. ಮೋಡ ಮುಚ್ಚಿದ ದಿನ ಊರಿನ ಎಲ್ಲರ ರಕ್ತವೂ ನಮಗೆ ಒಂದಿಷ್ಟು ಕೆಂಪಾಗಿಯೇ ಕಾಣುತ್ತಿತ್ತು. ಭತ್ತದ ನಾಟಿಯ ಕಾಲದಲ್ಲಿ ಚಳಿಜ್ವರದವರು ಸಾಲುಗಟ್ಟಿ ಬರುತ್ತಿದ್ದರು. ಒಬ್ಬ ಹೆಂಗಸು ಸಿರಿಂಜಿನ ಗಾತ್ರ ನೋಡಿ ಕೈ ಹಿಂದಕ್ಕೆ ಎಳೆದುಕೊಂಡಳು.

“ಅಷ್ಟೂ ತಗೊಂತೀರೇನ್ರಿ? ನಾಳಿ ನಾಟಿಗೆ ಹೋಗಬೇಕು ನಾನು. ಅರ್ಧ ತಗೋರಿ.”

“ಅರ್ಧಕ್ಕ ಪರೀಕ್ಷೆ ಆಗಂಗಿಲ್ಲವ್ವಾ.”

“ಹಂಗಾರ ಅರ್ಧ ನಂದು ತಗೋರಿ, ಇನ್ನರ್ಧ ನಮ್ಮ ಯಜಮಾನಂದು ತಗೋರಿ. ಮನ್ಯಾಗ ಕುಂತು ಉಣ್ಣಾದಷ್ಟ ಅವರ ಕೆಲಸ.”

ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಯಜಮಾನರೂ ಅಲ್ಲೇ ಬಾಗಿಲಲ್ಲಿ ನಿಂತಿದ್ದರು, ಪಾಪ.

ಕಮಲಾಪುರದ ಒಬ್ಬ ಕಬ್ಬಿನ ರೈತರು ಸಕ್ಕರೆ ಪರೀಕ್ಷೆಯ ಚೀಟಿ ನೋಡಿ ನನ್ನ ಹತ್ತಿರ ಚೌಕಾಸಿಗೆ ಇಳಿದಿದ್ದರು. “ಮೇಡಂ, ಇದು ಭಾಳ ಆತು. ಸ್ವಲ್ಪ ಇಳಿಸಿ ಬರೀರಿ. ದೂರದಿಂದ ಬಂದೀನಿ.” ಇದು ಸಂತೆಯಲ್ಲ ಎಂದರೆ, “ಸಂತಿ ಆಗಿದ್ರ ಇಷ್ಟೊತ್ತಿಗೆ ಇಳೀತಿತ್ತು ಬಿಡ್ರಿ” ಎಂದು ಮುಖ ಸಣ್ಣದು ಮಾಡಿಕೊಂಡು ಹೋದರು. ಮುಂದಿನ ಸಲ ಒಂದು ಗೊನೆ ಬಾಳೆಹಣ್ಣು ತಂದಿಟ್ಟರು. ಚೀಟಿಯಲ್ಲಿ ಅಂಕಿ ಇನ್ನೂ ಏರಿತ್ತು.

ಬಾಯಿಂದ ಪಿಪೆಟ್ ಎಳೆಯುವುದು ಆಗಿನ ಪದ್ಧತಿ. ತೆಳ್ಳನೆಯ ಗಾಜಿನ ಕೊಳವೆಯ ಒಂದು ತುದಿ ರೋಗಿಯ ರಕ್ತದ ತಿಳಿಯಲ್ಲಿ, ಇನ್ನೊಂದು ತುದಿ ನಮ್ಮ ತುಟಿಯಲ್ಲಿ. ಕಂಪ್ಲಿಯಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರು ಹೀಗೆ ಎಳೆಯುತ್ತಲೇ ಊರಿನ ಸುದ್ದಿ ಹೇಳಬಲ್ಲವರಾಗಿದ್ದರು. ಒಂದು ಸಲ ಕಾಮಾಲೆಯಾಗಿ ತಿಂಗಳುಗಟ್ಟಲೆ ಮಲಗಿ ಎದ್ದು ಬಂದರು. ಬಂದವರೇ ಎಲ್ಲ ಪಿಪೆಟ್ಟುಗಳಿಗೂ ರಬ್ಬರ್ ಬಲ್ಬ್ ಸಿಕ್ಕಿಸಿದರು. “ಇನ್ನು ಮ್ಯಾಲ ಈ ಬಾಯಿ ಬೈಯಾಕ ಅಷ್ಟ ನೋಡವ್ವಾ” ಎಂದರು. ಆ ಮಾತನ್ನು ಮಾತ್ರ ಪೂರ್ತಿಯಾಗಿ ನಡೆಸಿಕೊಟ್ಟರು.

ಒಟ್ಟಿನಲ್ಲಿ ಈ ಕೆಲಸ ನನಗೆ ಸುಖ ಕೊಟ್ಟಿದೆ. ಯಾರಾದರೂ ಮತ್ತೆ ಕೇಳಿದರೆ ಅದೇ ಸ್ಟೂಲಿನ ಮೇಲೆ ಹೋಗಿ ಕೂರುತ್ತೇನೆ. ಆ ಮಧ್ಯಾಹ್ನ ಇದ್ದಾಗ್ಯೂ.

ಅದು ಗಣಿಯ ಅಬ್ಬರದ ಕಾಲ. ಸಂಡೂರಿನ ಕಡೆಯಿಂದ ಅದಿರು ಹೊತ್ತ ಟಿಪ್ಪರುಗಳು ಒಂದರ ಬಾಲಕ್ಕೆ ಒಂದು ಅಂಟಿಕೊಂಡಂತೆ ಬರುತ್ತಿದ್ದವು. ರಸ್ತೆ ಬದಿಯ ಗಿಡದ ಎಲೆಯಿಂದ ಹಿಡಿದು ನಮ್ಮ ಲ್ಯಾಬಿನ ಕಿಟಕಿಯ ಸರಳಿನವರೆಗೆ ಎಲ್ಲವೂ ಕೆಂಪು. ಅಪಘಾತದ ಕೇಸುಗಳು ಹೆಚ್ಚಿದ್ದರಿಂದ ಆಸ್ಪತ್ರೆಯಲ್ಲಿ ರಕ್ತದ ಬ್ಯಾಗು ಇಡಲು ಒಂದು ಫ್ರಿಜ್ ತರಿಸಿದ್ದರು. ಅದು ನನ್ನ ಸುಪರ್ದಿಯಲ್ಲಿತ್ತು.

ನನ್ನ ಜೊತೆಗಾರ ಮಾರುತಿ. ನನಗಿಂತ ಸ್ವಲ್ಪ ಚಿಕ್ಕವನು, ಇಬ್ಬರು ಮಕ್ಕಳ ತಂದೆ. ತುಂಗಭದ್ರಾ ಡ್ಯಾಂ ಕಡೆಯವನು. ಆಸ್ಪತ್ರೆಗೆ ವಾರ್ಡಿನ ಕೆಲಸಕ್ಕೆಂದು ಬಂದು, ನೋಡಿ ನೋಡಿ ರಕ್ತ ತೆಗೆಯುವುದು ಕಲಿತು, ಲ್ಯಾಬಿಗೆ ಸೇರಿಕೊಂಡಿದ್ದ. ಡಿಪ್ಲೊಮಾ ಇರಲಿಲ್ಲ, ನೋಂದಣಿ ಇರಲಿಲ್ಲ. ಆಗ ಯಾರೂ ಕೇಳುತ್ತಲೂ ಇರಲಿಲ್ಲ. ಮೈಕ್ರೋಸ್ಕೋಪ್ ಇದ್ದವರೆಲ್ಲ ಬಸ್ ಸ್ಟ್ಯಾಂಡ್ ಹತ್ತಿರ ಲ್ಯಾಬಿನ ಬೋರ್ಡು ಹಾಕುತ್ತಿದ್ದ ದಿನಗಳವು. ಆದರೆ ಮಾರುತಿಯ ಕೈ ಬಂಗಾರದ ಕೈ. ಡಾಕ್ಟರಿಗೂ ಸಿಗದ ನರ ಅವನ ಬೆರಳಿಗೆ ಸಿಗುತ್ತಿತ್ತು. ಮಕ್ಕಳು ಅಳುವ ಮೊದಲೇ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತಿತ್ತು.

ನಾನು ಆಗಾಗ ಹೇಳುತ್ತಿದ್ದೆ, “ಡಿಪ್ಲೊಮಾ ಮಾಡ್ಕೋ ಮಾರುತಿ.”

“ಅದರಾಗ ಇನ್ನೇನು ಕಲಸ್ತಾರ್ರಿ ಮೇಡಂ? ಬರೋ ಡಿಪ್ಲೊಮಾದವರಿಗೆ ನಾನ ಕಲಸ್ತೀನಿ” ಎನ್ನುತ್ತಿದ್ದ. ಅದೂ ಸುಳ್ಳಲ್ಲ.

ಆ ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಒಂದು ಜೀಪು ಆಸ್ಪತ್ರೆಯ ಮುಂದೆ ಬಂದು ನಿಂತಿತು. ಸಂಡೂರಿನ ಇಳಿಜಾರಿನಲ್ಲಿ ಟಿಪ್ಪರ್ ಒಂದು ಬ್ರೇಕ್ ಹಿಡಿಯದೆ ಮಗುಚಿತ್ತು. ಡ್ರೈವರನ ತೊಡೆಯ ಮೂಳೆ ಮುರಿದಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಪ್ರಜ್ಞೆ ಇರಲಿಲ್ಲ. ಜೀಪಿನಲ್ಲಿ ಬಂದವರು ಅವನ ಹಳದಿ ಹೆಲ್ಮೆಟ್ಟನ್ನೂ ಸ್ಟ್ರೆಚರಿನ ಮೇಲೆ ಅವನ ಕಾಲ ಬಳಿ ಇಟ್ಟಿದ್ದರು. ಗಣಿಯ ಗುತ್ತಿಗೆದಾರರು ಕೆಲಸಗಾರರ ಹೆಲ್ಮೆಟ್ಟಿನ ಮುಂದೆ ರಕ್ತದ ಗುಂಪಿನ ಸ್ಟಿಕರ್ ಅಂಟಿಸುತ್ತಿದ್ದರು. ಒಳ್ಳೆಯ ಉದ್ದೇಶದ್ದೇ. ಈ ಹೆಲ್ಮೆಟ್ಟಿನ ಮೇಲೆ ‘ಬಿ ಪಾಸಿಟಿವ್’ ಎಂದಿತ್ತು. ಜೇಬಿನಲ್ಲಿದ್ದ ಗುರುತಿನ ಕಾರ್ಡಿನ ಮೇಲೂ ಅದೇ ಇತ್ತು. ಹೆಸರು ಯಲ್ಲಪ್ಪ.

ನಮ್ಮ ಸರ್ಜನ್ ಸಾಹೇಬರು ಕೂಗುವ ಮನುಷ್ಯರಲ್ಲ. ಅಂದು ಆಪರೇಷನ್ ಥಿಯೇಟರಿನ ಬಾಗಿಲಿಂದಲೇ ಕೂಗಿದರು. “ಬಿ ಪಾಸಿಟಿವ್ ಎರಡು ಬ್ಯಾಗ್, ಜಲ್ದಿ! ಬಿ.ಪಿ. ಸಿಗಾಕತ್ತಿಲ್ಲ.”

ಮಾರುತಿ ಓಡಿ ಹೋಗಿ ಸ್ಯಾಂಪಲ್ ತೆಗೆದು ತಂದು ನನ್ನ ಕೈಗೆ ಕೊಟ್ಟ. ನಾನು ಬಿಳಿ ಟೈಲ್ ಎಳೆದುಕೊಂಡೆ. ರಕ್ತದ ಗುಂಪು ನೋಡುವ ವಿಧಾನ ಬಹಳ ಸರಳ. ಮೂರು ಹನಿ ರಕ್ತ ಇಟ್ಟು, ಒಂದಕ್ಕೆ ‘ಎ’ ಪತ್ತೆಹಚ್ಚುವ ದ್ರಾವಣ, ಇನ್ನೊಂದಕ್ಕೆ ‘ಬಿ’ಯದು, ಮೂರನೆಯದಕ್ಕೆ ಪಾಸಿಟಿವ್ ನೆಗೆಟಿವ್ ಹೇಳುವುದು. ಕೂಡಿಸಿ ಟೈಲನ್ನು ಮೆಲ್ಲಗೆ ಆಚೀಚೆ ಓಲಾಡಿಸಬೇಕು. ಹೊಂದಿದ ಹನಿ ಹಾಲು ಒಡೆದಂತೆ ಕಾಳುಕಾಳಾಗುತ್ತದೆ. ಇಲ್ಲದಿದ್ದರೆ ನುಣ್ಣಗೆ ಹಾಗೇ ಇರುತ್ತದೆ.

ಮೂರನೆಯ ಹನಿ ಕಾಳುಕಾಳಾಯಿತು. ಪಾಸಿಟಿವ್. ‘ಎ’ ಹನಿ ನುಣ್ಣಗಿತ್ತು. ‘ಬಿ’ ಹನಿಯೂ ನುಣ್ಣಗಿತ್ತು.

ಎರಡೂ ಒಡೆಯದಿದ್ದರೆ ಅದು ‘ಓ’ ಗುಂಪು. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ಆದರೆ ನನಗೆ ಹಾಗೆ ಅನ್ನಿಸಲಿಲ್ಲ ಎಂಬುದೇ ಈಗಲೂ ನನ್ನನ್ನು ನಡುಗಿಸುವುದು. ನನಗೆ ಮೊದಲು ಅನ್ನಿಸಿದ್ದು, ದ್ರಾವಣ ಕೆಟ್ಟಿದೆ ಅಂತ. ಹಿಂದಿನ ದಿನ ಕರೆಂಟು ಹೋಗಿ ಬಂದು ಮಾಡಿತ್ತು, ದ್ರಾವಣದ ತಂಪು ತಪ್ಪಿರಬಹುದು. ಹೆಲ್ಮೆಟ್ ಬಿ ಎನ್ನುತ್ತಿದೆ, ಕಾರ್ಡ್ ಬಿ ಎನ್ನುತ್ತಿದೆ, ನನ್ನ ಟೈಲ್ ಒಂದೇ ಬೇರೆ ಹೇಳುತ್ತಿದೆ. ಎರಡು ಸಾಕ್ಷಿಯ ಎದುರು ಒಂದು. ಕಾರ್ಡನ್ನು ನೋಡಿಯೇ ಹೆಲ್ಮೆಟ್ಟಿಗೆ ಸ್ಟಿಕರ್ ಅಂಟಿಸಿರುತ್ತಾರೆ, ಹಾಗಾಗಿ ಅವೆರಡೂ ಸೇರಿ ಒಂದೇ ಸಾಕ್ಷಿ ಎಂಬುದು ಆ ಅವಸರದಲ್ಲಿ ಯಾರಿಗೆ ಹೊಳೆಯುತ್ತದೆ?

ನನ್ನ ಗುಂಪು ಬಿ ಪಾಸಿಟಿವ್. ದ್ರಾವಣದ ಮೇಲೆ ಅನುಮಾನ ಬಂದರೆ ಗುಂಪು ಗೊತ್ತಿರುವ ರಕ್ತದಿಂದ ಅದನ್ನು ಪರೀಕ್ಷಿಸಬೇಕು. ಹತ್ತಿರದಲ್ಲಿ ಬೇರೆ ಇಲ್ಲದಿದ್ದರೆ ನಮ್ಮ ಬೆರಳೇ ಇದೆ. ಸೂಜಿಯಿಂದ ಬೆರಳು ಚುಚ್ಚಿಕೊಂಡು ಒಂದು ಹನಿ ಟೈಲ್ ಮೇಲೆ ಒತ್ತಿದೆ. ಅದೇ ಬಾಟಲಿಯಿಂದ ‘ಬಿ’ ದ್ರಾವಣ ಹಾಕಿದೆ. ಓಲಾಡಿಸುವ ಮೊದಲೇ ಒಡೆಯಿತು.

ದ್ರಾವಣ ಸರಿಯಾಗಿತ್ತು. ಒಳಗೆ ಮಲಗಿದವನು ‘ಓ’.

ತಲೆ ಎತ್ತಿ ನೋಡಿದೆ. ಪಕ್ಕದಲ್ಲಿ ಮಾರುತಿ ಇರಲಿಲ್ಲ. ರಕ್ತದ ಫ್ರಿಜ್ಜಿನ ಬಾಗಿಲು ಪೂರ್ತಿ ಮುಚ್ಚಿಕೊಂಡಿರಲಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ನಾನು ಓಡಿದ್ದು ಅದೇ ಮೊದಲು, ಅದೇ ಕೊನೆ. ಚಪ್ಪಲಿ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ಥಿಯೇಟರಿನ ಬಾಗಿಲು ದೂಡಿದಾಗ ಬ್ಯಾಗು ಸ್ಟ್ಯಾಂಡಿನಲ್ಲಿ ತೂಗುತ್ತಿತ್ತು. ಕೊಳವೆಯ ಉದ್ದಕ್ಕೂ ರಕ್ತ ಇಳಿದು ತುದಿಯವರೆಗೆ ಬಂದಿತ್ತು. ಸಿಸ್ಟರ್ ಒಳಗಿನ ಗಾಳಿ ತೆಗೆದು, ತುದಿಯನ್ನು ರೋಗಿಯ ಕೈಯ ಸೂಜಿಗೆ ಜೋಡಿಸಲು ಬಗ್ಗಿದ್ದರು.

“ಸಿಸ್ಟರ್, ಬ್ಯಾಡ! ಬ್ಯಾಡ್ರಿ! ಅದು ಅವನ ಗುಂಪಲ್ಲ!”

ಅವರ ಕೈ ಹಾಗೇ ನಿಂತಿತು. ಕೊಳವೆಯ ತುದಿಯಿಂದ ಒಂದು ಹನಿ ಹಸಿರು ಬಟ್ಟೆಯ ಮೇಲೆ ಬಿತ್ತು. ನಾನು ಈಗಲೂ ತರಕಾರಿ ಹೆಚ್ಚುವಾಗ, ಬಸ್ಸಿಗೆ ಕಾಯುವಾಗ, ಕಾರಣವೇ ಇಲ್ಲದೆ ಆ ಹನಿ ಬೀಳುವುದನ್ನು ನೋಡುತ್ತೇನೆ. ನನ್ನ ಗುಂಪು ‘ಎ’ ಆಗಿದ್ದರೆ? ಹೊಸ ಬಾಟಲಿ ಹುಡುಕಲು ಹೋಗಿದ್ದರೆ? ‘ಓ’ ಗುಂಪಿನವನ ಮೈಗೆ ‘ಬಿ’ ರಕ್ತ ಹೋದರೆ, ಅವನ ರಕ್ತವೇ ಅದರ ಮೇಲೆ ಬಿದ್ದು ಒಡೆಯುತ್ತದೆ. ಕಿಡ್ನಿ ಕೆಡುತ್ತದೆ. ಎಚ್ಚರ ಇದ್ದವನು ಚಳಿ ಎನ್ನುತ್ತಾನೆ, ಬೆನ್ನು ನೋವು ಎನ್ನುತ್ತಾನೆ. ಪ್ರಜ್ಞೆ ಇಲ್ಲದವನು ಏನು ಹೇಳಿಯಾನು? ಅಪಘಾತದಲ್ಲಿ ಸತ್ತ ಎಂದು ನಾವೆಲ್ಲ ನಂಬಿಬಿಡುತ್ತಿದ್ದೆವು.

ಸರ್ಜನ್ ಸಾಹೇಬರು ಮಾಸ್ಕಿನ ಮೇಲಿಂದ ನನ್ನನ್ನು ನೋಡಿದರು. “ಹೆಲ್ಮೆಟ್ಟಿನ ಮ್ಯಾಲ ಬಿ ಐತಲ್ರಿ.”

“ಟೈಲಿನ ಮ್ಯಾಲ ಓ ಐತ್ರಿ ಸರ್. ನನ್ನ ರಕ್ತ ಹಾಕಿ ನೋಡೀನಿ, ದ್ರಾವಣ ಸರಿ ಐತಿ.”

ಅವರು ವಾದ ಮಾಡಲಿಲ್ಲ. “ಸಲೈನ್ ಜೋರ್ ಬಿಡ್ರಿ” ಎಂದು ಸಿಸ್ಟರಿಗೆ ಹೇಳಿ, “ಇನ್ನೊಂದು ಕೈಯಿಂದ ಹೊಸ ಸ್ಯಾಂಪಲ್ ತಗೋರಿ ಮೇಡಂ. ನಿಮ್ಮ ಕಣ್ಣ ಮುಂದ ತಗೋರಿ. ನಾ ಹೊಟ್ಟಿ ತೆರೀತೀನಿ, ನೀವು ರಕ್ತ ಹುಡುಕ್ರಿ” ಎಂದರು. ನಾನು ಕಂಡ ಮೇಲಧಿಕಾರಿಗಳಲ್ಲಿ ಒಂದೇ ಮಾತಿಗೆ ನಂಬಿದವರೂ, ನಂಬಿಯೂ ಮತ್ತೆ ಪರೀಕ್ಷಿಸು ಎಂದವರೂ ಅವರೊಬ್ಬರೇ.

ರಕ್ತ ಬತ್ತಿದ ಮೈಯಲ್ಲಿ ನರ ಸಿಗುವುದು ಕಷ್ಟ. ಮಾರುತಿ ಗೋಡೆಗೆ ಒರಗಿ ನಿಂತಿದ್ದ. ಮುಖದಲ್ಲಿ ಬಣ್ಣವೇ ಇರಲಿಲ್ಲ.

“ಮೇಡಂ, ಎರಡು ಕಡೆ ಬರದಿತ್ರಿ... ಅದಕ್ಕ ತಂದೆ... ಟೈಮ್ ಉಳೀತದ ಅಂತ...”

“ಆಮ್ಯಾಲ ಮಾತಾಡೋಣು. ಈಗ ನಿನ್ನ ಕೈ ಬೇಕು ನನಗ. ಬಾ.”

ಅವನು ಬಂದು ಬಗ್ಗಿದ. ರೋಗಿಯ ಮೊಣಕೈ ಮೇಲೆ ಬೆರಳು ಇಟ್ಟ. ಒಂದೇ ಸಲಕ್ಕೆ ನರ ಸಿಕ್ಕಿತು. ಆ ಸ್ಯಾಂಪಲ್ಲೂ ‘ಓ’ ಎಂದಿತು. ಫ್ರಿಜ್ಜಿನಲ್ಲಿದ್ದ ‘ಓ’ ಬ್ಯಾಗುಗಳ ರಕ್ತವನ್ನು ಅವನ ರಕ್ತದ ಜೊತೆ ಕೂಡಿಸಿ ಹೊಂದುತ್ತದೆಯೇ ಎಂದು ನೋಡಲು ಇಟ್ಟೆ. ಅದು ಆಗುವವರೆಗೆ ಬ್ಯಾಗಿಗೆ ಕಟ್ಟುವ ಚೀಟಿಯಲ್ಲಿ ಹೆಸರು ಬರೆಯೋಣವೆಂದು ಕಾರ್ಡು ಕೈಗೆತ್ತಿಕೊಂಡೆ.

ಕಾರ್ಡಿನ ಫೋಟೋದಲ್ಲಿದ್ದವನ ಎಡ ಹುಬ್ಬು ಹಳೆಯ ಗಾಯದಿಂದ ಎರಡು ತುಂಡಾಗಿತ್ತು. ಒಳಗೆ ಮಲಗಿದವನ ಹುಬ್ಬು ಇಡಿಯಾಗಿತ್ತು. ಆ ಮುಖವನ್ನು ನಾನು ಈಗಷ್ಟೇ ಹತ್ತಿರದಿಂದ ನೋಡಿ ಬಂದಿದ್ದೆ.

ಹೊರಗೆ ಬಂದೆ. ಬೆಂಚಿನ ಮೇಲೆ ಇಬ್ಬರು ಕುಳಿತಿದ್ದರು. ಒಬ್ಬ ಗುತ್ತಿಗೆದಾರನ ಸೂಪರ್‌ವೈಸರ್, ಇಸ್ತ್ರಿ ಮಾಡಿದ ಅಂಗಿ. ಇನ್ನೊಬ್ಬ ಕಂಬಳಿ ಹೊದ್ದು ಜ್ವರದಲ್ಲಿ ನಡುಗುತ್ತಿದ್ದ. ಅವನ ಎಡ ಹುಬ್ಬು ಎರಡು ತುಂಡಾಗಿತ್ತು.

“ಈ ಫೋಟೋ ಯಾರದಪಾ?” ಎಂದೆ.

“ಒಳಗ ಅದಾನಲ್ರಿ, ಅವಂದು” ಎಂದು ಸೂಪರ್‌ವೈಸರನೇ ಉತ್ತರಿಸಿದ.

“ನಿನ್ನ ಕೇಳಾಕತ್ತಿಲ್ಲಪಾ ನಾನು. ಇವನ್ನ ಕೇಳೀನಿ.”

ಕಂಬಳಿಯವನು ನೆಲ ನೋಡಿದ. ನಾನು ಅವನ ಪಕ್ಕದಲ್ಲಿ ಕುಳಿತೆ. “ನೋಡು, ಹೆಲ್ಮೆಟ್ಟಿನ ಮ್ಯಾಲಿನ ರಕ್ತ ಕೊಟ್ಟಿದ್ರ ಒಳಗಿನಾಂವ ಇಷ್ಟೊತ್ತಿಗೆ ಉಳೀತಿರಲಿಲ್ಲ. ಅವನ ಗುಂಪ ಬ್ಯಾರೆ ಐತಿ.”

ಅವನು ತಟ್ಟನೆ ತಲೆ ಎತ್ತಿದ. “ಬ್ಯಾರೆ ಹೆಂಗ ಆಗ್ತೈತ್ರಿ ಅಕ್ಕಾ? ಒಂದ ತಾಯಿ ಹೊಟ್ಟ್ಯಾಗ ಹುಟ್ಟೀವಿ ನಾವು. ರಕ್ತ ಒಂದ ಅಲ್ಲೇನ್ರಿ? ಅದಕ್ಕ ನಾನು ಸುಮ್ಮನ ಕುಂತಿದ್ದೆ...”

“ಯಲ್ಲಪ್ಪಾ, ಬಾಯಿ ಮುಚ್ಕೊಳಲೇ!” ಸೂಪರ್‌ವೈಸರ್ ಎದ್ದು ನಿಂತ.

ಕಂಬಳಿಯವನೂ ಎದ್ದ. ಅವನಿಗೆ ನಿಲ್ಲಲು ಆಗುತ್ತಿರಲಿಲ್ಲ, ಗೋಡೆ ಹಿಡಿದುಕೊಂಡ. “ನೌಕರಿ ಹೋದ್ರ ಹೋಗ್ಲಿ ಸಾಹೇಬ್ರ. ಯಲ್ಲಪ್ಪ ನಾನ್ರಿ ಅಕ್ಕಾ. ಒಳಗಿರಾಂವ ನನ್ನ ತಮ್ಮ ಹನುಮಂತ. ನಂಗ ಜ್ವರ ಬಂದಿತ್ತು. ಪಾಳಿ ತಪ್ಪಿದ್ರ ಗಾಡಿ ಬ್ಯಾರೆಯವರಿಗೆ ಕೊಡ್ತಾರಂತ ಅಂವ ನನ್ನ ಟೋಪಿ ಹಾಕ್ಕೊಂಡು, ನನ್ನ ಕಾರ್ಡ್ ಇಟ್ಕೊಂಡು ಹೋದ.”

ಗಣಿಯಲ್ಲಿ ಇದು ಎಲ್ಲರೂ ಮಾಡುತ್ತಿದ್ದದ್ದೇ. ಅಣ್ಣನ ಬದಲು ತಮ್ಮ, ಮಾವನ ಬದಲು ಅಳಿಯ. ಗೇಟಿನವರು ಹೆಲ್ಮೆಟ್ ನೋಡುತ್ತಿದ್ದರೇ ಹೊರತು ಕೆಳಗಿನ ಮುಖವನ್ನಲ್ಲ. ಸೂಪರ್‌ವೈಸರನಿಗೂ ಅದು ಗೊತ್ತಿತ್ತು.

ಅವನು ದನಿ ತಗ್ಗಿಸಿ ನನ್ನ ಹತ್ತಿರ ಬಂದ. “ಆತ್ರಿ ಮೇಡಂ. ರಕ್ತ ಓ ಕೊಡ್ರಿ. ಹೆಸರಷ್ಟ ಯಲ್ಲಪ್ಪ ಅಂತ ಇರ್ಲಿ. ಮೂರು ಮಂದಿ ಅನ್ನದ ಪ್ರಶ್ನಿ ಐತಿ, ನಂದೂ ಸೇರಿ.”

“ಹೆಸರು ಒಬ್ಬಂದು, ರಕ್ತ ಇನ್ನೊಬ್ಬಂದು ಅಂತ ಬರದ್ರ, ಮುಂದ ಒಂದಿನ ಇದ ಆಸ್ಪತ್ರಿಗೆ ಇವರಿಬ್ಬರಾಗ ಯಾರ ಬಂದ್ರೂ ಅವರಿಗೆ ಉರುಲು ಹಾಕಿಟ್ಟಂಗ ಆಗ್ತೈತಪಾ.”

ಯಲ್ಲಪ್ಪ ಬಾಯಿ ಬಿಡದಿದ್ದರೂ ನಾನು ರಕ್ತ ತಡೆಯುತ್ತಿರಲಿಲ್ಲ. ಅಪರಿಚಿತ ಎಂದು ಬರೆದು ಕಳಿಸುತ್ತಿದ್ದೆ. ಆದರೆ ಅವನು ಬಾಯಿ ಬಿಟ್ಟ. ಚೀಟಿಯ ಮೇಲೆ ‘ಹನುಮಂತ, ಓ ಪಾಸಿಟಿವ್’ ಎಂದು ಬರೆದು, ಹೊಂದಿಕೆ ಸರಿ ಬಂದ ಬ್ಯಾಗನ್ನು ನಾನೇ ಒಯ್ದು ಕೊಟ್ಟೆ. ಸಿಸ್ಟರ್ ಚೀಟಿಯನ್ನು ಗಟ್ಟಿಯಾಗಿ ಓದಿದರು, ನಾನು ಗಟ್ಟಿಯಾಗಿ ಓದಿದೆ. ಆಮೇಲೆಯೇ ಜೋಡಿಸಿದ್ದು. ಕೊಳವೆಯಲ್ಲಿ ರಕ್ತ ಹನಿಯತೊಡಗಿದ ಮೇಲೂ ಬಹಳ ಹೊತ್ತು ಅಲ್ಲೇ ನಿಂತು ಅವನ ಮುಖ ನೋಡುತ್ತಿದ್ದೆ. ಸರ್ಜನ್ ಸಾಹೇಬರು ಸೋರುತ್ತಿದ್ದ ಗುಲ್ಮವನ್ನು, ಅಂದರೆ ಸ್ಪ್ಲೀನನ್ನು, ತೆಗೆದು ಹೊಲಿಗೆ ಹಾಕುವಾಗ ಬಿ.ಪಿ. ಮೇಲೇರತೊಡಗಿತ್ತು.

ಲ್ಯಾಬಿಗೆ ಮರಳಿದರೆ ನನ್ನ ಚಪ್ಪಲಿಯನ್ನು ಯಾರೋ ಬಾಗಿಲಲ್ಲಿ ಜೋಡಿಸಿ ಇಟ್ಟಿದ್ದರು. ಮಾರುತಿ ಸ್ಟೂಲಿನ ಮೇಲೆ ಕುಳಿತು ಆ ಟೈಲನ್ನೇ ನೋಡುತ್ತಿದ್ದ.

“ಬೈರಿ ಮೇಡಂ” ಎಂದ.

ಬೈಯಲಿಲ್ಲ. ಬೈಗುಳದಿಂದ ಆಗುವ ಕೆಲಸವಲ್ಲ ಅದು. ಅವನ ಬದಲು ಚಿನ್ನದ ಪದಕ ಪಡೆದವನೇ ಇದ್ದಿದ್ದರೂ ಆ ಅವಸರದಲ್ಲಿ ಹಾಗೆ ಮಾಡಬಹುದಿತ್ತು. ಆದರೆ ಆ ಸಂಜೆ ಆಡಳಿತದವರು ವಿಚಾರಣೆಗೆ ಕರೆದಾಗ ಒಂದು ವಿಚಿತ್ರ ಕಂಡೆ. ಸರ್ಜನ್ ಸಾಹೇಬರು ಆದೇಶ ಕೊಟ್ಟದ್ದಕ್ಕೆ ಉತ್ತರ ಕೊಟ್ಟರು. ಸಿಸ್ಟರ್ ತಮ್ಮ ಪಾಲಿನದಕ್ಕೆ ಉತ್ತರ ಕೊಟ್ಟರು. ನಾನು ನನ್ನದಕ್ಕೆ ಕೊಟ್ಟೆ. ಮಾರುತಿಯನ್ನು ಯಾರೂ ಏನೂ ಕೇಳಲಿಲ್ಲ. ನಿಯಮದ ಪ್ರಕಾರ ಅವನು ಲ್ಯಾಬಿನಲ್ಲಿ ಇರಲೇ ಇಲ್ಲ. ಅಷ್ಟು ವರ್ಷ ಸಾವಿರಾರು ಜನರ ನರ ಹಿಡಿದವನಿಗೆ ಒಂದು ತಪ್ಪಿಗೆ ಉತ್ತರ ಕೊಡುವ ಹಕ್ಕೂ ಇರಲಿಲ್ಲ.

ಅವನಿಗೆ ಅದು ಬೈಗುಳಕ್ಕಿಂತ ಹೆಚ್ಚು ತಾಗಿತು. ಹೊರಗೆ ಬಂದು, “ಮೇಡಂ, ನಾ ಅಲ್ಲಿ ನಿಂತಿದ್ದೆ. ಒಬ್ಬರೂ ನನ್ನ ಮಾರಿ ಸೈತ ನೋಡಲಿಲ್ಲಲ್ರಿ” ಎಂದ. ಆ ವರ್ಷವೇ ಡಿಪ್ಲೊಮಾಕ್ಕೆ ಸೇರಿದ. ತನ್ನ ಅರ್ಧ ವಯಸ್ಸಿನವರ ಜೊತೆ ಬೆಂಚಿನಲ್ಲಿ ಕೂತ. ಮೊದಲ ಸಲ ಬಯೊಕೆಮಿಸ್ಟ್ರಿಯಲ್ಲಿ ಫೇಲಾಗಿ ಬಂದು, “ಇದರಾಗ ಕಲಿಸೋದು ಐತ್ರಿ ಮೇಡಂ, ಭಾಳ ಐತಿ” ಎಂದು ನಗಿಸಿದ. ಮುಂದೆ ನೋಂದಣಿಯ ಸರ್ಟಿಫಿಕೇಟು ಬಂದ ದಿನ ಲ್ಯಾಬಿಗೆಲ್ಲ ಮಿರ್ಚಿ ಮಂಡಕ್ಕಿ ಹಂಚಿದ.

ಹನುಮಂತ ಬದುಕಿದ. ಎಚ್ಚರವಾದ ಮೇಲೆ ಅವನು ಕೇಳಿದ ಮೊದಲ ಮಾತು, “ಗಾಡಿಗೆ ಏನಾತ್ರಿ?” ಕೆಲಸಗಾರನಲ್ಲದವನ ಕೈಗೆ ಗಾಡಿ ಕೊಟ್ಟ ಎಂಬ ಕೇಸಿನಿಂದ ತನ್ನ ತಲೆ ಉಳಿಸಿಕೊಳ್ಳಲು ಗುತ್ತಿಗೆದಾರ ಹನುಮಂತನನ್ನೂ ನೌಕರನೆಂದು ಒಪ್ಪಿಕೊಳ್ಳಬೇಕಾಯಿತು. ಯಲ್ಲಪ್ಪನನ್ನು ಕೆಲವು ದಿನ ಕೆಲಸದಿಂದ ಹೊರಗಿಟ್ಟು ಮತ್ತೆ ಕರೆದರು. ಸರ್ಜನ್ ಸಾಹೇಬರು ಹಟ ಹಿಡಿದು ಇನ್ನೊಂದು ಕೆಲಸ ಮಾಡಿಸಿದರು: ಗಣಿ ಕೆಲಸಗಾರರಿದ್ದ ಕ್ಯಾಂಪಿನ ಪ್ರತಿಯೊಬ್ಬನ ರಕ್ತವನ್ನೂ ಹೊಸದಾಗಿ ನೋಡಿ, ಹೊಸ ಸ್ಟಿಕರ್ ಅಂಟಿಸುವುದು.

ನಾನೂ ಮಾರುತಿಯೂ ಟೈಲು, ದ್ರಾವಣ, ಐಸ್ ಡಬ್ಬಿ ಹೊತ್ತು ಸಂಡೂರಿಗೆ ಹೋದೆವು. ಅಷ್ಟೊತ್ತಿಗೆ ಹನುಮಂತ ಕೋಲು ಬಿಟ್ಟು ನಡೆಯುವಂತಾಗಿದ್ದ. ಡ್ರೈವಿಂಗ್ ಬಿಟ್ಟು ಕ್ಯಾಂಪಿನ ಸ್ಟೋರಿನಲ್ಲಿ ಕೆಲಸ. ಬೇವಿನ ಮರದ ಕೆಳಗೆ ಮೇಜು ಹಾಕಿಕೊಟ್ಟರು. ಕೆಲಸಗಾರರು ಹೆಲ್ಮೆಟ್ ಕೈಯಲ್ಲಿ ಹಿಡಿದು ಸಾಲು ನಿಂತರು. ಟೋಪಿಗೂ ತಲೆಗೂ ಎಷ್ಟು ಕಡೆ ಹೊಂದಿಕೆಯಿಲ್ಲ ಎಂಬುದು ಆಗ ಬಯಲಾಯಿತು.

“ನಿನ್ನ ಟೋಪಿ ಮ್ಯಾಲ ಎ ಐತಿ, ನೀನು ಎಬಿ ಅದೀಯಲ್ಲಪಾ?” ಎಂದರೆ ಒಬ್ಬ, “ಟೋಪಿ ನಮ್ಮ ಮಾವಂದ್ರಿ. ತಲಿ ಮಾತ್ರ ನಂದು” ಎಂದ.

“ಮತ್ತ ನಿಮ್ಮ ಮಾವ ಎಲ್ಲಿ?”

“ಅಲ್ನೋಡ್ರಿ, ನನ್ನ ಹಿಂದ ನಿಂತಾನಲ್ರಿ. ಅಂವ ಹಾಕ್ಕೊಂಡಿದ್ದು ಅಡಿಗಿ ಭಟ್ಟಂದು.”

ಇಡೀ ಸಾಲು ನಗುತ್ತಿತ್ತು. ನಾನೂ ನಕ್ಕೆ. ನಗುತ್ತಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಅಷ್ಟು ಜನ, ಅಷ್ಟು ಹೆಲ್ಮೆಟ್, ಅಷ್ಟು ಇಳಿಜಾರು.

ಹೊತ್ತು ಇಳಿಯುವಾಗ ಸಾಲಿನ ಕೊನೆಗೆ ಹನುಮಂತ ಬಂದ. ಕೈಯಲ್ಲಿ ತನ್ನದೇ ಹೆಸರಿನ ಹೊಸ ಹೆಲ್ಮೆಟ್ ಇತ್ತು, ಇನ್ನೂ ಸ್ಟಿಕರ್ ಅಂಟಿಸಿರಲಿಲ್ಲ. ಮಾರುತಿಯ ಮುಂದೆ ಅದನ್ನಿಟ್ಟು ಹಲ್ಲು ಕಿರಿದ.

“ನಂದು ಅಂಟಸಿಬಿಡ್ರಿ ಅಣ್ಣಾ, ಸಾಲು ಮುಗೀಲಿ. ಓ ಪಾಸಿಟಿವ್. ನಿಮ್ಮಷ್ಟು ಚೊಲೋ ಯಾರಿಗೆ ಗೊತ್ತೈತಿ?”

ಮಾರುತಿ ಸ್ಪಿರಿಟ್ ಹತ್ತಿ ಕೈಗೆತ್ತಿಕೊಂಡ.

“ಗೊತ್ತೈತಿ” ಎಂದ. “ಬೆರಳು ಕೊಡು.”